ಬಜೆಟ್ ಶೀಟಲ್ಲಿ ಸಂಘಕ್ಕೂ ಒಂದು ಸಾಲು ಇರ್ಲಿ

ಸ್ಥಳೀಯ ಸಂಘಗಳ ಜೊತೆ ಸೇರಿ ರಿಸರ್ಚ್ ಮಾಡೋರಿಗೆ ಅಂತಾನೇ ಯೂನಿವರ್ಸಿಟಿಗಳು ಈಗ ಬೇರೆ ಗ್ರ್ಯಾಂಟ್ ಕೊಡ್ತಿವೆ, ನಿಜವಾಗ್ಲೂ ಒಳ್ಳೇ ಕೆಲಸ. ನಾನು ಇಂಥ ಎರಡು ಪ್ರಾಜೆಕ್ಟಲ್ಲಿ ಇದ್ದೆ. ಅದಾದ್ಮೇಲೆ ಯಾರಾದ್ರೂ ಪ್ರಪೋಸಲ್ ಕಳ್ಸಿ ಸ್ವಲ್ಪ ನೋಡಿ ಅಂದ್ರೆ ನಾನು ಮೊದ್ಲು ತೆಗೆಯೋದು ಬಜೆಟ್ ಶೀಟು, ಉದ್ದೇಶ ಮೆಥಡ್ ಎಲ್ಲಾ ಆಮೇಲೆ.

ಯಾಕಂದ್ರೆ ಮೊದಲ್ನೇ ಪ್ರಾಜೆಕ್ಟಲ್ಲಿ ನಮ್ ಪಾರ್ಟ್ನರ್ ಒಂದು ಸಣ್ಣ ಮಹಿಳಾ ಸಂಘ, ರೂಲ್ ಏನಪ್ಪಾ ಅಂದ್ರೆ ಸಂಘದೋರು ಮೊದ್ಲು ಕೈಯಿಂದ ಹಾಕ್ಬೇಕು, ಆಮೇಲೆ ಬಿಲ್ ಕೊಟ್ಟು ಕ್ಲೇಮ್ ಮಾಡ್ಕೋಬೇಕು. ಸಂಘ ನೋಡ್ಕೊಳ್ಳೋ ಅಕ್ಕ ಒಂದು ಪ್ಲಾಸ್ಟಿಕ್ ಕವರಲ್ಲಿ ಬಿಲ್ಲೆಲ್ಲಾ ಜೋಪಾನವಾಗಿ ಇಟ್ಕೊಂಡಿದ್ರು, ಆದ್ರೆ ಮಷೀನಿಂದ ಬರೋ ಆ ನುಣುಪು ಕಾಗದದ ಬಿಲ್ಲಿದ್ಯಲ್ಲ, ಕ್ಲೇಮ್ ಫೈಲು ಟೇಬಲ್ಲಿಂದ ಟೇಬಲ್ಲಿಗೆ ಹೋಗೋ ಅಷ್ಟರಲ್ಲಿ ಅಕ್ಷರವೇ ಮಾಸಿಹೋಗಿತ್ತು, ಓದೋಕಾಗಲ್ಲ ಅಂತ ವಾಪಸ್ ಬಂತು. ಇಬ್ರೂ ಕಿಟಕಿ ಹತ್ರ ಕೂತು ಒಂದೊಂದೇ ಬಿಲ್ಲನ್ನ ಬೆಳಕಿಗೆ ಓರೆ ಹಿಡಿದು ಮೊತ್ತ ಬರ್ಕೊಂಡ್ವಿ. "ಮೀಟಿಂಗಿಗೆ ಬಂದೋರ ಬಸ್ ಚಾರ್ಜು ನಾನೇ ಕೊಟ್ಟಿದ್ದೆ ಸರ್, ಟಿಕೆಟ್ ಇಸ್ಕೊಳ್ಳೋದು ಹೊಳೀಲೇ ಇಲ್ಲ" ಅಂದ್ರು. ಆ ದುಡ್ಡು ಅವ್ರಿಗೆ ಬರ್ಲೇ ಇಲ್ಲ. ಅದೇ ಪ್ರಾಜೆಕ್ಟಲ್ಲಿ ನನ್ ಸಂಬಳ ಒಂದು ತಿಂಗಳೂ ತಪ್ಪಿರ್ಲಿಲ್ಲ. ಈಗ್ಲೂ ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಇದೇ ಅಕ್ಕನಿಂದ್ಲೇ ಆ ಸ್ಟಡಿಗೆ ಜೀವ ಬಂದಿದ್ದು. ನಾವು ಪ್ರಶ್ನೆಪಟ್ಟೀಲಿ "ಮನೆಗೆ ನೀರು ಬರುತ್ತಾ, ಹೌದು ಅಥವಾ ಇಲ್ಲ" ಅಂತ ಹಾಕಿದ್ವಿ. ಅವ್ರು ನೋಡಿ, ಹೌದು ಅಂತ ಎಲ್ರೂ ಹೇಳ್ತಾರೆ, ಎಷ್ಟ್ ಹೊತ್ತಿಗೆ ಬರುತ್ತೆ, ಅದಕ್ಕೆ ಕಾಯ್ಕೊಂಡು ಮನೇಲಿ ಯಾರು ಉಳೀತಾರೆ ಅಂತ ಕೇಳಿ ಅಂದ್ರು. ಕೊನೆಗೆ ನಮ್ ಪೇಪರ್ ನಿಂತಿದ್ದು ಆ ಎರಡು ಪ್ರಶ್ನೆ ಮೇಲೆ.

ಅಮೆರಿಕ ಸರ್ಕಾರದಲ್ಲಿ ಸಲಹೆಗಾರ್ತಿ ಆಗಿದ್ದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿ ಅಂತ ಒಂದು ಲೇಖನ ಬರೆದ್ರು, ಮೇಲೆ ಹತ್ತಿದಷ್ಟೂ ಜನರ ಕೈಲಿ ಅಧಿಕಾರ ಜಾಸ್ತಿ, ಅದ್ರಲ್ಲಿ ಅಭಿಪ್ರಾಯ ಕೇಳೋದು ನಾಲ್ಕನೇ ಮೆಟ್ಟಿಲು, ಪಾರ್ಟ್ನರ್‌ಶಿಪ್ ಆರನೇದು. ಡೆಡ್‌ಲೈನಿಗೆ ಎರಡು ದಿನ ಇದೆ ಅನ್ನೋವಾಗ ಸಂಘಕ್ಕೆ ಫೋನ್ ಮಾಡಿ ಸಪೋರ್ಟ್ ಲೆಟರ್ ತರ್ಸ್ಕೊಂಡ್ರೆ ನಾಲ್ಕನೇದನ್ನೂ ಮುಟ್ಟಲ್ಲ. ನೆದರ್‌ಲೆಂಡ್ಸಲ್ಲಿ 1970ರ ದಶಕದಲ್ಲೇ ಸೈನ್ಸ್ ಶಾಪ್ ಅಂತ ಶುರು ಮಾಡಿದ್ರು, ಅಲ್ಲಿ ಜನ ತಮ್ ಪ್ರಶ್ನೆ ತಗೊಂಡು ಯೂನಿವರ್ಸಿಟಿಗೆ ಬರ್ತಾರೆ, ಅಲ್ಲಿನೋರು ಅದ್ರ ಮೇಲೆ ಕೆಲಸ ಮಾಡ್ತಾರೆ. ಪ್ರಶ್ನೆ ಯಾರದ್ದು ಅನ್ನೋದೇ ಬದಲಾಗುತ್ತೆ ಅಲ್ಲಿ.

ಇನ್ನು ಡೇಟಾ ಯಾರ ಕೈಲಿರುತ್ತೆ ಅನ್ನೋದು. ಅಮೆರಿಕದ ಹವಾಸುಪಾಯ್ ಬುಡಕಟ್ಟಿನೋರು 1990ರಲ್ಲಿ ಡಯಾಬಿಟಿಸ್ ಸ್ಟಡಿ ಅಂತ ನಂಬಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯೋರಿಗೆ ರಕ್ತ ಕೊಟ್ರು, ಆಮೇಲೆ ಅದೇ ಸ್ಯಾಂಪಲ್ಲನ್ನ ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ, ಅವ್ರ ಪೂರ್ವಜರು ಎಲ್ಲಿಂದ ಬಂದ್ರು ಅನ್ನೋದಕ್ಕೆಲ್ಲಾ ಬಳಸಿದ್ದು ಗೊತ್ತಾಗಿ ಕೋರ್ಟಿಗೆ ಹೋದ್ರು. 2010ರಲ್ಲಿ ರಾಜಿ ಆಯ್ತು, 41 ಜನಕ್ಕೆ ಒಟ್ಟು 7 ಲಕ್ಷ ಡಾಲರ್ ಕೊಟ್ಟು ಉಳಿದಿದ್ದ ಸ್ಯಾಂಪಲ್ಲನ್ನೂ ವಾಪಸ್ ಕೊಡ್ಬೇಕಾಯ್ತು. ಎಥಿಕ್ಸ್ ಕಮಿಟಿ ಫಾರ್ಮಿಗೆ ಸೈನ್ ಬಿತ್ತು ಅಂದ್ರೆ ಮುಗೀತು ಅನ್ಕೊಂಡಿರೋರು ಇದನ್ನ ಒಂದ್ಸಲ ಓದ್ಲೇಬೇಕು.

ಎರಡನೇ ಪ್ರಾಜೆಕ್ಟಲ್ಲಿ ನಾವು ಹಠ ಹಿಡಿದು ಮೂರು ವಿಷ್ಯ ಬರೆಸಿದ್ವಿ, ಸಂಘದ ಒಬ್ರಿಗೆ ಅರ್ಧ ದಿನದ ಸಂಬಳ, ಕೆಲಸ ಶುರು ಆಗೋಕ್ಮುಂಚೆ ಅಡ್ವಾನ್ಸು, ಪೇಪರ್ ಕಳ್ಸೋಕ್ಮುಂಚೆ ರಿಸಲ್ಟನ್ನ ಅವ್ರ ಭಾಷೇಲಿ ಅವ್ರ ಮುಂದೆ ಇಡೋದು. ಅಡ್ವಾನ್ಸಿಗೆ ಅಕೌಂಟ್ಸಿನೋರು ಸುಲಭಕ್ಕೆ ಒಪ್ಲಿಲ್ಲ, ನಾಲ್ಕು ಸಲ ಹೋಗ್ಬೇಕಾಯ್ತು, ಕೊನೆಗೆ ಕಂತಲ್ಲಿ ಕೊಡ್ತೀವಿ ಅಂದ್ರು. ಸಾಕಾಯ್ತು ಅಷ್ಟು. ಆ ಸಲ ಅಕ್ಕ ಪ್ಲಾಸ್ಟಿಕ್ ಕವರ್ ತರ್ಲಿಲ್ಲ, ಲೆಕ್ಕದ ಪುಸ್ತಕ ತಂದ್ರು.

ನೀವು ಈ ಥರ ಗ್ರ್ಯಾಂಟಿಗೆ ಹಾಕ್ತಿದ್ರೆ ನಿಮ್ ಬಜೆಟ್ ಶೀಟ್ ಕಳ್ಸಿ, ಕೂತು ನೋಡ್ತೀನಿ.