ಐಟುಟಾಕಿಯ ಲಗೂನಿನಲ್ಲಿ ಒಂದು ಹಗಲು

ಶರಾವತಿ ಹಿನ್ನೀರಿನ ಲಾಂಚಿನಲ್ಲಿ ಓಡಾಡಿ ಬೆಳೆದ ನಮ್ಮಂಥ ಸಾಗರದವರಿಗೆ ನೀರಿನ ಮೇಲಿನ ಪಯಣ ಹೊಸದಲ್ಲವಾದರೂ, ದಕ್ಷಿಣ ಪೆಸಿಫಿಕ್‌ನ ಕುಕ್ ದ್ವೀಪಸಮೂಹದ ಐಟುಟಾಕಿಯಲ್ಲಿ ಮಾರ್ಗದರ್ಶಕರೊಡನೆ ಕಳೆದ ಹಗಲು ಬೇರೆಯೇ ಬಗೆಯದಾಗಿತ್ತು. ಹೊರಗಿನ ಹವಳದ ದಿಬ್ಬ ಕಡಲಿನ ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು, ಅಂದರೆ ಲಗೂನು, ತಿಳಿಯಾಗಿ ನಿಂತು, ಬಿಳಿ ಮರಳಿನ ಮೇಲೆ ಎಳೆನೀಲಿಯಾಗಿ ಕಾಣುತ್ತದೆ. 1950ರ ದಶಕದಲ್ಲಿ ನ್ಯೂಜಿಲೆಂಡಿನ ನೀರುವಿಮಾನಗಳು ಇಂಧನಕ್ಕಾಗಿ ಇಳಿಯುತ್ತಿದ್ದ ಅಕಾಇಅಮಿ ಎಂಬ ಪುಟ್ಟ ದ್ವೀಪವೂ ಇಲ್ಲಿದೆ. ಆ ಬಿಡುವಿನಲ್ಲಿ ಪ್ರಯಾಣಿಕರು ಈಜುತ್ತಿದ್ದರಂತೆ, ಇಂದಿನ ವಿಮಾನ ನಿಲ್ದಾಣಗಳಲ್ಲಿ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ನನಗೆ ಹೆಚ್ಚು ಹಿಡಿಸಿದ್ದು ‘ಉಮು’ ಎಂಬ ನೆಲದೊಲೆ: ಗುಂಡಿಯಲ್ಲಿ ಕಾಯಿಸಿದ ಕಲ್ಲುಗಳ ಮೇಲೆ ಕೆಸುವಿನ ಗಡ್ಡೆ, ಮಾಂಸಗಳನ್ನಿಟ್ಟು, ಎಲೆಗಳಿಂದ ಮುಚ್ಚಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ‘ರುಕಾವು’ ಪತ್ರೊಡೆ ತಿಂದವರಿಗೆ ಅಪರಿಚಿತವೆನಿಸದು. ಬಾಯಿ ತುರಿಸದಿರಲೆಂದು ನಾವು ಹುಣಸೆಹುಳಿ ಹಾಕಿದರೆ, ಅವರು ದೀರ್ಘಕಾಲದ ಬೇಯಿಸುವಿಕೆಯನ್ನೇ ನಂಬಿದ್ದಾರೆ.