ಆ ಹೆಸರ ಅವರಿಗ್ಯಾಕ?

ಇವತ್ತ ವಿಜಯಪುರದ ಗಾಂಧಿ ಚೌಕದಾಗ ಚಾ ಕುಡೀತಿದ್ವಿ. ಟೀವಿಯೊಳಗ ಸುದ್ದಿ: "ಇಸ್ಲಾಮಿಕ್ ಸ್ಟೇಟ್ ಉಗ್ರರು..."

ಬಾಜೂಕ ಕುಂತಿದ್ದ ಚಾಚಾ, ಆಗಷ್ಟ ನಮಾಜ್ ಮುಗಿಸಿ ಬಂದವರು, ಬಶಿಯೊಳಗಿನ ಚಾ ಬಾಯಿತನಕ ಒಯ್ದು ಹಂಗ ಹಿಡಕೊಂಡ್ರು. ಕುಡೀಲಿಲ್ಲ.

"ಅವರು ತಾವ ಇಟಗೊಂಡ ಹೆಸರಲೆ ನಾವ್ಯಾಕ ಕರೀಬೇಕ್ರೀ?"

ಖರೇ ಅದ. 2014ರಾಗ ಈ ಗುಂಪು ತಮ್ದ ಖಿಲಾಫತ್, ಅಂದ್ರ ಮುಸ್ಲಿಮರಿಗೆಲ್ಲಾ ಒಬ್ಬ ಖಲೀಫನ ಆಳ್ವಿಕೆ, ಅಂತ ಸಾರಿಕೊಂತು. ಅದೇ ವರ್ಷ ಸೆಪ್ಟೆಂಬರ್‌ನಾಗ ಫ್ರಾನ್ಸ್ ಸರ್ಕಾರ, ನಾವು 'ದಾಯಿಶ್' ಅಂತನ ಕರೀತೀವಿ ಅಂತು. ಅರಬ್ಬಿ ಮಂದಿ ಮೊದಲ ಹಂಗ ಅಂತಿದ್ರು. ಆ ಗುಂಪಿನ ಉದ್ದ ಅರಬ್ಬಿ ಹೆಸರಿನ ಮೊದಲಕ್ಷರ ಕೂಡಿಸಿದ್ದು ಅಷ್ಟ. ಆದ್ರ 'ಇಸ್ಲಾಮ್' ಅನ್ನೂದು ಕಿವೀಗೆ ಬೀಳೂದಿಲ್ಲ. ಆ ಗುಂಪಿಗೆ ಅದ ಸಿಟ್ಟು.

ಅದೇ ತಿಂಗಳ ನೂರಕ್ಕೂ ಹೆಚ್ಚು ಇಸ್ಲಾಮಿ ವಿದ್ವಾಂಸರು ಆ ಗುಂಪಿನ ಮುಖಂಡ ಅಲ್-ಬಗ್ದಾದಿಗೆ ಬಹಿರಂಗ ಪತ್ರ ಬರದು, ಕುರಾನ್, ಹದೀಸ್ (ಪ್ರವಾದಿಯವರ ನುಡಿ-ನಡೆಯ ದಾಖಲೆ) ಆಧಾರದ ಮ್ಯಾಲೇ ಅವನ ವಾದ ಖಂಡಿಸಿದ್ರು. ನನಗ ಇದು ಹೆಸರಿಗಿಂತ ದೊಡ್ಡದನಸ್ತದ.

ಹೆಸರು ಬದಲಿಸಿದ್ರ ಬಂದೂಕು ಕೆಳಗಿಳಿಯೂದಿಲ್ಲ, ಗೊತ್ತದ. ಆದ್ರ ಇರಾಕ್, ಸಿರಿಯಾದಾಗ ಅವರ ಕೈಯಾಗ ಸತ್ತವರೊಳಗ ಭಾಳ ಮಂದಿ ಮುಸ್ಲಿಮರ.

ಸುದ್ದಿ ಓದೋರು, ಹೆಡ್‌ಲೈನ್ ಬರಿಯೋರು ನನ್ನ ಗೆಳೆಯರೊಳಗ ಅದೀರಿ. 'ದಾಯಿಶ್' ಅಂತ ಬರೀರಿ. ಓದೋರಿಗೆ ತಿಳೀಲಿಲ್ಲಂದ್ರ ಒಂದ ಸಾಲು ವಿವರಣೆ ಹಾಕ್ರಿ.