ಧೂಳಿನಲ್ಲಿ ರೈಫಲ್: ಎಣ್ಣೆ ಎಲ್ಲಿಗೆ ಬೇಕು, ಎಲ್ಲಿಗೆ ಬೇಡ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಕೋವಿಗೆ ಶತ್ರು ಅಂದರೆ ತುಕ್ಕು. ಜೂನ್‌ನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ತೋಟಾ ಕೋವಿಯ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರುವುದು, ಸವರಿದ್ದು ಒಣಗಿತೇನೋ ಅಂತ ಮತ್ತೆ ಸವರುವುದು, ಇಷ್ಟೇ ಅಲ್ಲಿನ ಜೋಪಾನ. ಇದೇ ಕೈಗುಣ ಹೊತ್ತು ಸೇನೆಗೆ ಸೇರಿದ ಹುಡುಗ ಜೈಸಲ್ಮೇರ್ ಕಡೆಗೆ ಹೋದರೆ ಎರಡು ದಿನದಲ್ಲಿ ರೈಫಲ್ ಅವನ ಮಾತು ಕೇಳುವುದನ್ನು ಬಿಡುತ್ತದೆ. ಅರಸೀಕೆರೆ, ಕಡೂರಿನ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಗಿ ಕಣದ ಪಕ್ಕ ನಿಲ್ಲಿಸಿದ ಬೈಕಿನ ಚೈನಿಗೆ ಬೆರಳು ಒತ್ತಿ ನೋಡಿ: ಕಪ್ಪು ಗಂಜಿಯಂಥದ್ದು ಅಂಟುತ್ತದೆ, ತಿಕ್ಕಿದರೆ ಕರಕರ ಅನ್ನುತ್ತದೆ. ಅದು ಎಣ್ಣೆಯ ಕೆಲಸ ಬಿಟ್ಟು ಸಾಣೆಯ ಕೆಲಸಕ್ಕೆ ಇಳಿದಿದೆ.

ಹಾಗಂತ ಧೂಳಿನಲ್ಲಿ ಎಣ್ಣೆಯನ್ನೇ ಮುಟ್ಟಬೇಡಿ ಅನ್ನುವ ಹಳೆಯ ಸಲಹೆಯೂ ಅರ್ಧ ತಪ್ಪು. ಯಾವ ಭಾಗಕ್ಕೆ ಎಣ್ಣೆ, ಯಾವ ಭಾಗಕ್ಕೆ ಒಣಬಟ್ಟೆ ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ಧೂಳು ಮತ್ತು ಮರಳು ಬೇರೆ ಬೇರೆ ಅನ್ನುವುದು ಗೊತ್ತಿರಲಿ. ಅಮೆರಿಕ ಸೇನೆಯ ಪರೀಕ್ಷಾ ಮಾನದಂಡ ಮಿಲ್-ಎಸ್‌ಟಿಡಿ-810 ಪ್ರಕಾರ 150 ಮೈಕ್ರಾನ್‌ಗಿಂತ ಸಣ್ಣದು ಧೂಳು, 150ರಿಂದ 850ರವರೆಗಿನದು ಮರಳು. ಮರಳಿನ ಕಾಳು ದಪ್ಪ. ಅದು ಸಂದಿಗೆ ಸಿಕ್ಕಿಕೊಂಡು ಬೋಲ್ಟನ್ನು, ಅಂದರೆ ಹಿಂದೆ ಮುಂದೆ ಓಡಿ ಗುಂಡಿನ ಹಿಂಬದಿಯನ್ನು ಮುಚ್ಚುವ ತುಂಡನ್ನು, ಒಮ್ಮೆಗೇ ಹಿಡಿಯುತ್ತದೆ, ಕೊಡವಿದರೆ ಬೀಳಲೂಬಹುದು. ಧೂಳು ಮೈದಾಹಿಟ್ಟಿನ ಹಾಗೆ. ಮುಚ್ಚಿದ ಕಡೆಯೂ ನುಗ್ಗುತ್ತದೆ, ಕೊಡವಿದರೆ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಚಲನೆಯನ್ನು ನಿಧಾನ ಮಾಡುತ್ತದೆ.

ಈ ನಿಧಾನವೇ ಅಪಾಯ. ಗುಂಡು ಹಾರಿದಾಗ ಬ್ಯಾರೆಲ್‌ನಿಂದ ಸ್ವಲ್ಪ ಗ್ಯಾಸ್ ತಿರುಗಿ ಬಂದು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಲಾಕ್ ಬಿಡಿಸುವುದು, ಗುಂಡು ಹೋದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೇಸು ಎಳೆಯುವುದು, ಅದನ್ನು ಹೊರಗೆಸೆಯುವುದು, ಸ್ಪ್ರಿಂಗನ್ನು ಅದುಮುವುದು ಎಲ್ಲಕ್ಕೂ ಅಷ್ಟೇ ಬಂಡವಾಳ. ಮುಂದಕ್ಕೆ ಬರುವಾಗ ಗ್ಯಾಸ್‌ನ ನೆರವೂ ಇಲ್ಲ. ಅದುಮಿದ ಸ್ಪ್ರಿಂಗೊಂದೇ ಗುಂಡು ತುಂಬಿಡುವ ಮ್ಯಾಗಜಿನ್‌ನಿಂದ ರೌಂಡು ಕಿತ್ತು, ಬ್ಯಾರೆಲ್ ಹಿಂತುದಿಯ ಗೂಡಾದ ಚೇಂಬರಿಗೆ ತುರುಕಿ, ಬೋಲ್ಟನ್ನು ಲಾಕ್ ಮಾಡಬೇಕು. ಧೂಳಿನಲ್ಲಿ ಮೊದಲು ಸುಸ್ತಾಗುವುದು ಸಾಮಾನ್ಯವಾಗಿ ಈ ಮುಂದಿನ ಓಟ. ಬೋಲ್ಟ್ ಪೂರ್ತಿ ಲಾಕ್ ಆಗದೆ ಸ್ವಲ್ಪ ಹಿಂದೆ ನಿಂತರೂ ಗುಂಡು ಹಾರದೆ ಉಳಿಯಬಹುದು.

ಲೆಕ್ಕ ಬೇಕೆನ್ನುವವರು 2007ರ ಕೊನೆಯಲ್ಲಿ ಅಮೆರಿಕ ಸೇನೆ ತನ್ನ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ಮಾಡಿದ ಧೂಳಿನ ಪರೀಕ್ಷೆ ನೋಡಬೇಕು. ನಾಲ್ಕು ಮಾದರಿ, ಪ್ರತಿಯೊಂದರಲ್ಲಿ 10 ರೈಫಲ್, ಒಂದೊಂದಕ್ಕೆ 6,000 ರೌಂಡು. ಧೂಳಿನ ಕೋಣೆಯಲ್ಲಿಟ್ಟು ತೆಗೆದು 120 ರೌಂಡು ಹೊಡೆಯುವುದು, ಮತ್ತೆ ಧೂಳಿಗೆ ಹಾಕುವುದು. 600 ರೌಂಡಿಗೊಮ್ಮೆ ಒರೆಸಿ ಎಣ್ಣೆ, 1,200ಕ್ಕೊಮ್ಮೆ ಪೂರ್ತಿ ಸ್ವಚ್ಛ. 60,000 ರೌಂಡು ಮುಗಿದಾಗ ಎಕ್ಸ್‌ಎಂ8 ನಿಂತಿದ್ದು 127 ಸಲ, ಸ್ಕಾರ್ 226, ಎಚ್‌ಕೆ416 233, ಅಮೆರಿಕ ಸೈನಿಕರ ಕೈಯಲ್ಲಿದ್ದ ಎಂ4 882. ಎಂ4ರ ಲೆಕ್ಕದಲ್ಲಿ ಶೇಕಡ 98.5 ರೌಂಡು ತೊಂದರೆಯಿಲ್ಲದೆ ಹಾರಿವೆ, ಕೇಳಲು ಚೆನ್ನಾಗಿದೆ. ಆದರೆ 68 ರೌಂಡಿಗೆ ಒಂದು ಸ್ಟಾಪೇಜ್ ಅಂದರೆ, ಏಳು ಮ್ಯಾಗಜಿನ್‌ನ 210 ರೌಂಡು ಹೊತ್ತವನಿಗೆ ಮೂರು ಸಲ. ಆ ಮೂರು ಯಾವ ಹೊತ್ತಿನಲ್ಲಿ ಬರುತ್ತವೆ ಅನ್ನುವುದು ಅವನ ಕೈಯಲ್ಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಇದೇ ಎಂ4 ಅಷ್ಟೇ ರೌಂಡಿಗೆ 307 ಸಲ ಮಾತ್ರ ನಿಂತಿತ್ತು. ಕೆಲವೇ ತಿಂಗಳ ಅಂತರದಲ್ಲಿ ಅದೇ ಮಾದರಿಗೆ ಹೆಚ್ಚುಕಡಿಮೆ ಮೂರು ಪಟ್ಟು ವ್ಯತ್ಯಾಸ. ಒಂದು ಪರೀಕ್ಷೆಯ ಅಂಕಿ ಹಿಡಿದು ಆ ರೈಫಲ್ ಕೆಟ್ಟದ್ದು, ಈ ರೈಫಲ್ ಒಳ್ಳೆಯದು ಅಂತ ಚಹಾದಂಗಡಿಯಲ್ಲಿ ಜಗಳಕ್ಕೆ ನಿಲ್ಲುವವರು ಇದನ್ನು ಮರೆಯುತ್ತಾರೆ. ನಮ್ಮ ವಿಷಯಕ್ಕೆ ಬೇಕಾದ ಮಾತು ಬೇರೆಯೇ ಇದೆ: ಇದೇ ಸರಣಿಯ ಪರೀಕ್ಷೆಗಳಲ್ಲಿ ಎಣ್ಣೆ ಜಿಪುಣತನದಿಂದ ಹಾಕಿದ ಎಂ4ಗಿಂತ ಧಾರಾಳವಾಗಿ ಹಾಕಿದ್ದು ಕಡಿಮೆ ಸಲ ನಿಂತಿತು.

ಎಣ್ಣೆ ಬೇಕಾದ ಜಾಗಗಳು ಇವು: ಬೋಲ್ಟ್‌ನ ಲಾಕ್ ಹಲ್ಲುಗಳು, ಬೋಲ್ಟನ್ನು ಹೊತ್ತು ಓಡುವ ಬೋಲ್ಟ್ ಕ್ಯಾರಿಯರ್ ಜಾರುವ ಹಳಿಗಳು, ಬೋಲ್ಟನ್ನು ತಿರುಗಿಸುವ ಕ್ಯಾಮ್ ಪಿನ್. ಇಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ, ಪ್ರತಿ ರೌಂಡಿಗೂ ಓಡಾಟ ಇರುತ್ತದೆ. ಎಣ್ಣೆ ಒದ್ದೆಯಾಗಿದ್ದರೆ ಧೂಳು ಅದರಲ್ಲಿ ತೇಲಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಎಣ್ಣೆ ಆರಿ ಅಂಟಾದಾಗಲೇ ಬೈಕಿನ ಚೈನಿನ ಕಥೆ. ಆದ್ದರಿಂದ ಇಲ್ಲಿ ಎಣ್ಣೆ ಹಾಕಬೇಕು, ಆದರೆ ಹಳೆಯದನ್ನು ದಿನಕ್ಕೊಮ್ಮೆಯಾದರೂ ಪೂರ್ತಿ ಒರೆಸಿ ಹೊಸದು ಹಾಕಬೇಕು. ಹಳೆಯದರ ಮೇಲೆ ಹೊಸದು ಸುರಿದರೆ ಗಂಜಿ ತೆಳ್ಳಗಾಗುತ್ತದೆ ಅಷ್ಟೇ. ಮಳೆಗಾಲಕ್ಕೆ ಬಳಿಯುವ ಗ್ರೀಸಂತೂ ಬೇಡವೇ ಬೇಡ.

ಗ್ಯಾಸ್ ತಳ್ಳುವ ಪಿಸ್ಟನ್, ಅದು ಓಡುವ ಗ್ಯಾಸ್ ಸಿಲಿಂಡರ್ ಒಣಗಿರಲಿ. ಅಲ್ಲಿನ ಬಿಸಿಗೆ ಎಣ್ಣೆ ಸುಟ್ಟು ಮಸಿಯಾಗಿ ಗಟ್ಟಿಕೊಳ್ಳುತ್ತದೆ. ಹೊರಮೈಗೆ ಒದ್ದೆ ಕಾಣದಷ್ಟು ತೆಳುವಾದ ಒರೆಸು ಸಾಕು. ಎಣ್ಣೆ ಹೆಚ್ಚಾದರೆ ಇನ್ನೊಂದು ಕಾಟ: ಹೊಡೆಯುವವನ ಮುಖಕ್ಕೆ ಸಿಡಿಯುತ್ತದೆ. ನಮ್ಮ ಸೇನೆಯ ಇನ್ಸಾಸ್ ರೈಫಲ್ ಬಗ್ಗೆ ಕಣ್ಣಿಗೆ ಎಣ್ಣೆ ಹಾರುತ್ತದೆ ಅನ್ನುವ ದೂರು ಬಂದೇ ಇತ್ತು.

ಚೇಂಬರಿಗೆ ಎಣ್ಣೆ ಎಂದೂ ಬೇಡ. ಗುಂಡು ಹಾರಿದ ಕ್ಷಣ ಹಿತ್ತಾಳೆ ಕೇಸು ಉಬ್ಬಿ ಚೇಂಬರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ, ಒತ್ತಡದ ಒಂದು ಪಾಲನ್ನು ಗೋಡೆಯೇ ಹೊರುತ್ತದೆ. ಗೋಡೆಗೆ ಎಣ್ಣೆಯಿದ್ದರೆ ಕಚ್ಚುವುದಿಲ್ಲ, ಹೊರೆಯೆಲ್ಲ ಬೋಲ್ಟ್ ಮೇಲೆ. ಎಣ್ಣೆಗೆ ಧೂಳು ಕೂತರೆ ಕೇಸು ಸಿಕ್ಕಿಕೊಳ್ಳುತ್ತದೆ, ಅದನ್ನು ಎಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್ ಅದರ ಅಂಚನ್ನು ಹರಿದುಕೊಂಡು ಬರುತ್ತದೆ. ಬ್ಯಾರೆಲ್ ಒಳಗೆ ಎಳೆಯುವ ಹಗ್ಗವಾದ ಪುಲ್‌ಥ್ರೂಗೆ 4×2 ಇಂಚಿನ ಚಿಂದಿ ಕಟ್ಟಿ ಎಳೆದರೆ ಬ್ಯಾರೆಲ್ ಸ್ವಚ್ಛವಾಗುತ್ತದೆ, ಚೇಂಬರ್ ಆಗುವುದಿಲ್ಲ, ಅದರ ಸುತ್ತಳತೆ ದೊಡ್ಡದು. ಅದಕ್ಕೆ ಚೇಂಬರ್ ಬ್ರಷ್ಷೇ ಬೇಕು, ಕೊನೆಗೆ ಒಣ ಚಿಂದಿ. ಕೈಯಲ್ಲಿ ಹಿಡಿದ ಖಾಲಿ ಕೇಸು ಅರ್ಧ ರೋಗ ಹೇಳಿಬಿಡುತ್ತದೆ. ಉದ್ದುದ್ದ ಗೀರು ಬಿದ್ದಿದ್ದರೆ ಚೇಂಬರಿನಲ್ಲಿ ಧೂಳು. ಅಂಚು ಹರಿದಿದ್ದರೆ ಕೇಸು ಸಿಕ್ಕಿಕೊಂಡಿತ್ತು ಅಥವಾ ಗ್ಯಾಸ್ ಅತಿಯಾಗಿದೆ. ಹಾರದೆ ಉಳಿದ ರೌಂಡಿನ ಹಿಂಬದಿಯ ಕ್ಯಾಪಿನ ಮೇಲೆ ಫೈರಿಂಗ್ ಪಿನ್ ಬಡಿದ ಗುರುತು ತೀರಾ ಮೇಲ್ಮೇಲೆ ಇದ್ದರೆ ಬೋಲ್ಟ್ ಪೂರ್ತಿ ಲಾಕ್ ಆಗಿರಲಿಲ್ಲ, ಇಲ್ಲವೇ ಫೈರಿಂಗ್ ಪಿನ್ನಿನ ತೂತಿನಲ್ಲಿ ಕೊಳೆ ಇದೆ.

ವಿಯೆಟ್ನಾಂನಲ್ಲಿ ಅಮೆರಿಕ ಸೈನಿಕರಿಗೆ ಎಂ16 ರೈಫಲ್ ಕೈಕೊಟ್ಟ ಕಥೆಯಲ್ಲೂ ಚೇಂಬರಿಗೆ ದೊಡ್ಡ ಪಾತ್ರ. ಮದ್ದಿನ ಪುಡಿ ಬದಲಾಗಿತ್ತು, ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಸ್ವಚ್ಛ ಮಾಡುವ ಸಾಮಾನನ್ನೇ ಸರಿಯಾಗಿ ಕೊಟ್ಟಿರಲಿಲ್ಲ. 1967ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೇ ವಿಚಾರಣೆಗೆ ಕೂರಬೇಕಾಯಿತು.

ಇನ್ನು ಮ್ಯಾಗಜಿನ್. ಎಲ್ಲರೂ ಬ್ಯಾರೆಲ್ ಫಳಫಳ ಮಾಡಿ ಮ್ಯಾಗಜಿನ್ನನ್ನು ಹಾಗೇ ಚೀಲಕ್ಕೆ ತುರುಕುತ್ತಾರೆ, ಧೂಳಿನ ಜಾಗದಲ್ಲಿ ಕೆಲವು ಸಲ ಬೋಲ್ಟಿಗಿಂತ ಮೊದಲು ಅದೇ ಮುಷ್ಕರ ಹೂಡುತ್ತದೆ. ಬಿಚ್ಚುವುದು ಐದು ನಿಮಿಷದ ಕೆಲಸ. ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು ಚೇಂಬರ್ ಖಾಲಿ ಇದೆಯೇ ಅಂತ ಕಣ್ಣಲ್ಲಿ ನೋಡಿ ರೈಫಲ್ ಪಕ್ಕಕ್ಕಿಡಿ. ರೌಂಡುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ತೆಗೆಯಿರಿ, ನೆಲಕ್ಕಲ್ಲ. ತಳದ ತಗಡಿನ ಕೊಂಡಿ ಒತ್ತಿ ತಗಡು ಜಾರಿಸುವಾಗ ಹೆಬ್ಬೆರಳು ಅಡ್ಡ ಇರಲಿ, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಮರಳಿನಲ್ಲಿ ಹುಡುಕಾಟ. ಸ್ಪ್ರಿಂಗ್ ಮತ್ತು ರೌಂಡು ಕೂರುವ ಪ್ಲಾಟ್‌ಫಾರಂ ಹೊರಗೆ ತೆಗೆದರೆ ಮೂಲೆಗಳಲ್ಲಿ ಧೂಳು ಹೆಪ್ಪುಗಟ್ಟಿರುವುದು ಕಾಣುತ್ತದೆ. ಒಳಗೋಡೆಗೆ ಒಣಬಟ್ಟೆ ಮಾತ್ರ. ಸ್ಪ್ರಿಂಗಿಗೆ ಎಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ. ರೌಂಡುಗಳೂ ಒಣಗಿರಬೇಕು, ಎಣ್ಣೆಕೈ ಅವಕ್ಕೆ ತಾಗಬಾರದು. ರೌಂಡು ಹಿಡಿದಿಡುವ ಮ್ಯಾಗಜಿನ್ ಬಾಯಿಯ ತುಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಎರಡೂ ಒಂದೇ ಸಮ ಇರಬೇಕು, ಒಂದು ಬಾಗಿದ್ದರೆ ರೌಂಡು ಓರೆಯಾಗಿ ಏರುತ್ತದೆ. ಮತ್ತೆ ಜೋಡಿಸಿ ಪ್ಲಾಟ್‌ಫಾರಂ ಹೆಬ್ಬೆರಳಲ್ಲಿ ಕೆಳಗದುಮಿ ಬಿಟ್ಟರೆ ತಡೆಯದೆ, ವಾಲದೆ ಟಪ್ ಅಂತ ಮೇಲೆ ಬರಬೇಕು. ಮಧ್ಯದಲ್ಲಿ ಅಳುಕಿದರೆ ಮತ್ತೆ ಬಿಚ್ಚಿ. ಎರಡನೇ ಸಲವೂ ಅಳುಕಿದರೆ ಆ ಮ್ಯಾಗಜಿನ್ ಬೇಡ.

ತುಂಬುವಾಗ 30ರದ್ದಕ್ಕೆ 28 ಹಾಕುವ ರೂಢಿ ಹಲವು ಸೇನೆಗಳಲ್ಲಿದೆ. ಕಂಠಪೂರ್ತಿ ತುಂಬಿದರೆ ಮೇಲಿನ ರೌಂಡು ಬಿಗಿಯಾಗಿ ಬೋಲ್ಟಿಗೆ ಒತ್ತಿಕೊಳ್ಳುತ್ತದೆ, ಧೂಳಿಗೆ ಸುಸ್ತಾದ ಬೋಲ್ಟಿಗೆ ಅದೂ ಒಂದು ಹೊರೆ. ಚೀಲದಲ್ಲಿ ಬಾಯಿ ಕೆಳಗೆ ಮಾಡಿ ಇಡಿ.

ಗ್ಯಾಸನ್ನು ಹೆಚ್ಚುಕಡಿಮೆ ಮಾಡುವ ಗ್ಯಾಸ್ ರೆಗ್ಯುಲೇಟರ್ ಇರುವ ರೈಫಲ್‌ಗೆ ಒಂದು ಹೆಚ್ಚಿನ ದಾರಿ ಇದೆ. ನಮ್ಮ ಸೇನೆಯ ಹಳೆಯ ರೈಫಲ್ 7.62 ಎಸ್‌ಎಲ್‌ಆರ್‌ನಲ್ಲಿ ಅದನ್ನು ಮುಚ್ಚಿದಷ್ಟೂ ಪಿಸ್ಟನ್‌ಗೆ ಗ್ಯಾಸ್ ಹೆಚ್ಚು. ಪೂರ್ತಿ ತೆರೆದು ಶುರುಮಾಡಿ, ಖಾಲಿ ಕೇಸು ಸಲೀಸಾಗಿ ಹೊರಬಿದ್ದು ಮುಂದಿನ ರೌಂಡು ತಾನಾಗಿ ಏರುವವರೆಗೆ ಒಂದೊಂದೇ ಕ್ಲಿಕ್ ಮುಚ್ಚಬೇಕು, ಆಮೇಲೆ ಮೀಸಲಿಗೆ ಎರಡು ಕ್ಲಿಕ್. ಧೂಳಿನಲ್ಲಿ ಮತ್ತೆ ತಡವರಿಸಿದರೆ ಇನ್ನೊಂದು. ಮೊದಲೇ ಪೂರ್ತಿ ಮುಚ್ಚಿಟ್ಟುಕೊಳ್ಳುವುದು ಸೋಮಾರಿಗಳ ಉಪಾಯ. ಭುಜಕ್ಕೆ ಪೆಟ್ಟು ಹೆಚ್ಚು, ಬಿಡಿಭಾಗ ಬೇಗ ಸವೆಯುತ್ತವೆ, ಕೇಸಿನ ಅಂಚು ಹರಿಯುತ್ತದೆ. ಎಸ್‌ಎಲ್‌ಆರ್‌ನ ಮೂಲ ವಿನ್ಯಾಸವಾದ ಎಫ್‌ಎಎಲ್ 1967ರ ಯುದ್ಧದಲ್ಲಿ ಇಸ್ರೇಲಿಗಳಿಗೆ ಮರಳಿನಲ್ಲಿ ಕಾಟ ಕೊಟ್ಟಿತು. 1972ರಲ್ಲಿ ಅವರು ಗಲೀಲ್ ರೈಫಲ್‌ಗೆ ಹೋದರು, ಅದರ ಒಳಗಿನ ಯಂತ್ರ ಕಲಾಶ್ನಿಕೋವ್‌ನದೇ. ಬ್ರಿಟಿಷರು ತಮ್ಮ ಎಸ್‌ಎಲ್‌ಆರ್‌ನ ಬೋಲ್ಟ್ ಕ್ಯಾರಿಯರ್ ಮೇಲೆ ಓರೆ ತೋಡು ಕೊರೆದರು, ಕೊಳೆ ಹೋಗಿ ಕೂರಲು ಜಾಗ ಇರಲಿ ಅಂತ.

ಎಕೆ, ಅಂದರೆ ಕಲಾಶ್ನಿಕೋವ್ ರೈಫಲ್, ಹೂತಿಟ್ಟು ತೆಗೆದರೂ ಹೊಡೆಯುತ್ತದೆ ಅನ್ನುವ ಮಾತಿಗೆ ಕಾರಣಗಳಿವೆ. ಪಿಸ್ಟನ್ ಅಂಟಿಕೊಂಡೇ ಇರುವ ಭಾರದ ಕ್ಯಾರಿಯರ್, ಧಾರಾಳ ಸಂದಿ, ಮೊನಚಾಗುತ್ತ ಹೋಗುವ ಅದರ 7.62×39 ರೌಂಡಿನ ಕೇಸು. ಕೇಸು ಸ್ವಲ್ಪ ಹಿಂದೆ ಸರಿದರೆ ಸಾಕು, ಚೇಂಬರಿನ ಗೋಡೆ ಬಿಟ್ಟುಬಿಡುತ್ತದೆ. ಆದರೆ ಸೇಫ್ಟಿ ಕೆಳಗಿಳಿಸಿದ ಕೂಡಲೇ ಬಲಮಗ್ಗುಲಲ್ಲಿ ಉದ್ದದ ಕಿಂಡಿ ಬಾಯಿಬಿಡುತ್ತದೆ. ಕೆಸರು ಅಲ್ಲಿ ನುಗ್ಗಿದರೆ ಅದೂ ನಿಲ್ಲುತ್ತದೆ. ಉತ್ತರ ಪ್ರದೇಶದ ಕೊರ್ವಾದಲ್ಲಿ ತಯಾರಾಗುತ್ತಿರುವ ಎಕೆ-203ಕ್ಕೂ ಈ ಮಾತು ಸಲ್ಲುತ್ತದೆ. ಹೊಡೆಯದ ಹೊತ್ತಿನಲ್ಲಿ ಸೇಫ್ಟಿ ಮೇಲಿರಲಿ, ಅದೇ ಕಿಂಡಿಯ ಬಾಗಿಲು. ಎಂ4 ಜಾತಿಯದಕ್ಕೆ ಪಕ್ಕದ ಧೂಳುಮುಚ್ಚಳ ಇದೆ. ಬೋಲ್ಟ್ ಓಡಿದಾಗ ತಾನೇ ತೆರೆಯುತ್ತದೆ, ತಾನೇ ಮುಚ್ಚುವುದಿಲ್ಲ.

ಬ್ಯಾರೆಲ್ ಬಾಯಿಗೆ ತೆಳು ಟೇಪ್ ಅಥವಾ ಪ್ಲಾಸ್ಟಿಕ್ ಟೊಪ್ಪಿಗೆ ಸಾಕು. ಬಟ್ಟೆಯ ಬಿರಡೆ ಜಡಿಯಬೇಡಿ. ಗಡಿಬಿಡಿಯಲ್ಲಿ ತೆಗೆಯುವುದು ಮರೆತರೆ ಗುಂಡು ಅದಕ್ಕೆ ಬಡಿದು ಬ್ಯಾರೆಲ್ ಅಲ್ಲೇ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.